ಸೆಲ್‌ನಿಂದ ಸ್ಕ್ರೀನ್‌ವರೆಗೆ: ಮಡಿಕೇರಿಯಲ್ಲಿ ಕಟ್ಟಿದ ಕೈ ಗೇಮ್ ಕನ್ಸೋಲ್‌ನ ಪ್ರಕರಣ

ಮಡಿಕೇರಿ ಪೇಟೆಯಿಂದ ತುಸು ದೂರದ ಒಂದು ಮನೆ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುವ ಅಕ್ಕ ಹೈಸ್ಕೂಲಿಗೆ ಹೋಗುವ ತಮ್ಮನಿಗಾಗಿ ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲ್ ಕಟ್ಟಲು ಹೊರಟಿದ್ದಳು. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಸಂಜೆಯೆಲ್ಲ ಕರೆಂಟ್ ಇಲ್ಲದ ಊರು. ಹಾಗಾಗಿ ಬೇಡಿಕೆಯೂ ಅದಕ್ಕೆ ತಕ್ಕ ಹಾಗೇ ಇತ್ತು: 8 ಬಿಟ್, 16 ಬಿಟ್ ಕಾಲದ ಆಟಗಳು ತಡವರಿಸದೆ ಓಡಬೇಕು, ಒಮ್ಮೆ ಚಾರ್ಜ್ ಮಾಡಿದರೆ ಎರಡು ಗಂಟೆಗೂ ಹೆಚ್ಚು ಬರಬೇಕು, ಕರೆಂಟ್ ಇದ್ದಾಗ ಚಾರ್ಜ್‌ಗೆ ಹಾಕಿಕೊಂಡೇ ಆಡುವಂತಿರಬೇಕು, 12 ಬಟನ್ ಬೇಕು, ಸ್ಪೀಕರ್ ಬೇಕು.

ಮೊದಲ ಸಲ ಕಟ್ಟಿದ್ದು ಮೇಜಿನ ಮೇಲೆ ಚೆನ್ನಾಗಿಯೇ ಓಡಿತು, ಕೈಗೆ ಬಂದ ಮೇಲೆ ಕೈಕೊಟ್ಟಿತು. ಅದು ಯಾಕೆ ಹಾಗಾಯಿತು, ಯಾವ ಭಾಗ ಬದಲಾಯಿತು, ತಂತಿ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದೇ ಈ ಬರಹ. ಕೊಡಗಿನಲ್ಲಿ ಇಂಥ ಕೆಲಸಕ್ಕೆ ಇಳಿಯುವವರು ಮೊದಲೇ ತಿಳಿದಿರಬೇಕಾದ ಸಂಗತಿ ಒಂದಿದೆ. ಜಿಲ್ಲೆಗೆ ರೈಲು ಇಲ್ಲ. ಲಿಥಿಯಂ ಸೆಲ್‌ಗಳನ್ನು ವಿಮಾನದಲ್ಲಿ ಸಾಗಿಸಲು ನಿರ್ಬಂಧಗಳಿರುವುದರಿಂದ ಅವು ಸಾಮಾನ್ಯವಾಗಿ ರಸ್ತೆ ದಾರಿಯಲ್ಲೇ ಬರುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿರುವವರಿಗೆ ತಪ್ಪು ಭಾಗ ಎಂದರೆ ಅರ್ಧ ಗಂಟೆಯ ನಷ್ಟ. ಇಲ್ಲಿ ಅದು ದಿನಗಟ್ಟಲೆ ಕಾಯುವ ಕೆಲಸ, ಜುಲೈ-ಆಗಸ್ಟ್‌ನಲ್ಲಿ ಗುಡ್ಡ ಜರಿದು ದಾರಿ ಕಟ್ಟಿದರೆ ಇನ್ನೂ ಹೆಚ್ಚು. ಆದ್ದರಿಂದ ಆರ್ಡರ್ ಹಾಕುವ ಮೊದಲು ಕಾಗದದ ಮೇಲೆ ಎರಡು ಲೆಕ್ಕ ಮುಗಿದಿರಬೇಕು: ಒಂದು ಕರೆಂಟಿನ ಲೆಕ್ಕ, ಇನ್ನೊಂದು ಪಿನ್ನಿನ ಲೆಕ್ಕ. ಸಾಮಾನ್ಯವಾಗಿ ಜನ ಸ್ಕ್ರೀನ್ ಆರಿಸುವುದರಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದದ್ದು ಸೆಲ್‌ನಿಂದ.

ಮೊದಲ ಪಟ್ಟಿ

ಮಿದುಳಿಗೆ ರಾಸ್ಪ್‌ಬೆರಿ ಪೈ ಝೀರೊ 2 ಡಬ್ಲ್ಯೂ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್. ಈ ಆಯ್ಕೆ ಸರಿಯಾಗಿಯೇ ಇತ್ತು, ಕೊನೆವರೆಗೂ ಬದಲಾಗಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಬಂದ ಈ ಬೋರ್ಡ್ 65 ಮಿ.ಮೀ. ಉದ್ದ, 30 ಮಿ.ಮೀ. ಅಗಲ. 1 ಗಿಗಾಹರ್ಟ್ಸ್‌ನ ನಾಲ್ಕು ಕೋರ್, 512 ಎಂಬಿ ಮೆಮೊರಿ. ಇದಕ್ಕಿಂತ ಅಗ್ಗವಾಗಿ ಪೈ ಪಿಕೊ ಅಥವಾ ಇಎಸ್‌ಪಿ32 ಸಿಗುತ್ತದೆ. ಆದರೆ ಪಿಕೊದಲ್ಲಿರುವ ಒಟ್ಟು ಮೆಮೊರಿ 264 ಕೆಬಿ. 320×240 ಸ್ಕ್ರೀನಿನ 16 ಬಿಟ್ ಬಣ್ಣದ ಒಂದೇ ಒಂದು ಚಿತ್ರಕ್ಕೆ 1,53,600 ಬೈಟ್ ಬೇಕು, ಅಂದರೆ ಅರ್ಧಕ್ಕಿಂತ ಹೆಚ್ಚು ಅಲ್ಲೇ ಮುಗಿಯಿತು. 8 ಬಿಟ್ ಆಟಗಳಷ್ಟೇ ಸಾಕು ಎನ್ನುವವರಿಗೆ ಅವು ಒಳ್ಳೆಯ ದಾರಿ, ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ. 16 ಬಿಟ್ ಬೇಕೆಂದ ಮೇಲೆ ಪೈ ಝೀರೊ 2ರಂಥದ್ದೇ ಬೇಕು.

ಸ್ಕ್ರೀನ್‌ಗೆ ಐಎಲ್‌ಐ9341 ಚಿಪ್‌ನ 2.8 ಇಂಚಿನ ಕೆಂಪು ಮಾಡ್ಯೂಲ್, ಎಸ್‌ಪಿಐ (ಕೆಲವೇ ತಂತಿಗಳಲ್ಲಿ ಒಂದೊಂದೇ ಬಿಟ್ ಆಗಿ ಡೇಟಾ ಕಳಿಸುವ) ಸಂಪರ್ಕದ್ದು. ಚಾರ್ಜ್‌ಗೆ ಟಿಪಿ4056 ಬೋರ್ಡ್, 5 ವೋಲ್ಟ್‌ಗೆ ಏರಿಸಲು ಎಂಟಿ3608, ಎರಡೂ ಸೇರಿ ನೂರು ರೂಪಾಯಿ ಆಸುಪಾಸು. ಟಾರ್ಚಿಗೆ ಹಾಕುವ, ಮೇಲೆ 9900 ಎಂಎಎಚ್ ಎಂದು ಬರೆದ 18650 ಸೆಲ್ ಒಂದು. ಆನ್-ಆಫ್‌ಗೆ ಎಸ್‌ಎಸ್12ಡಿ00 ಎಂಬ ಪುಟ್ಟ ಸ್ಲೈಡ್ ಸ್ವಿಚ್. ಧ್ವನಿಗೆ ಪಿಎಎಂ8403 ಆಂಪ್ಲಿಫೈಯರ್, ಅದಕ್ಕೆ ಪೈನ ಜಿಪಿಐಒ (ಹೊರಗಿನ ಭಾಗಗಳನ್ನು ಜೋಡಿಸುವ ಪಿನ್) 18, 19ರಿಂದ ಪಿಡಬ್ಲ್ಯೂಎಂ ಧ್ವನಿ. ಬಟನ್‌ಗೆ 6×6 ಮಿ.ಮೀ. ಟ್ಯಾಕ್ಟ್ ಸ್ವಿಚ್‌ಗಳು. ಎಲ್ಲವನ್ನೂ ಜೋಡಿಸಿದ್ದು 20 ಸೆಂ.ಮೀ. ಜಂಪರ್ ವೈರ್‌ಗಳಿಂದ.

ಕಾಣಿಸಿಕೊಂಡ ತೊಂದರೆಗಳು: ಚಾರ್ಜರ್ ಸಿಕ್ಕಿಸಿದ್ದಾಗ ಆಟ ಓಡುತ್ತದೆ, ತೆಗೆದು ಹತ್ತು ನಿಮಿಷಕ್ಕೆ ಪೈ ಮತ್ತೆ ಮೊದಲಿನಿಂದ ಬೂಟ್ ಆಗುತ್ತದೆ. ಆಡುತ್ತ ಚಾರ್ಜ್‌ಗಿಟ್ಟರೆ ಕೆಂಪು ದೀಪ ಆರುವುದೇ ಇಲ್ಲ. ಸ್ಕ್ರೀನಿನಲ್ಲಿ ಬಣ್ಣದ ಚುಕ್ಕಿಗಳು. ಸ್ಪೀಕರಿನಲ್ಲಿ ನಿರಂತರ ಗುಂಯ್ ಸದ್ದು. ಇನ್ನೆರಡು ತೊಂದರೆಗಳು ಆಮೇಲೆ ಬಂದವು. ಒಂದನ್ನು ತಂದದ್ದು ರಿಪೇರಿ, ಇನ್ನೊಂದನ್ನು ತಂದದ್ದು ಮಳೆ.

ಸೆಲ್ ಹೇಳುವ ಸುಳ್ಳು

ಮೊದಲು 18650. ಈ ಗಾತ್ರದ ಸೆಲ್‌ನಲ್ಲಿ ಒಳ್ಳೆಯ ಕಂಪನಿಗಳು ಕೊಡುತ್ತ ಬಂದಿರುವುದು ಹೆಚ್ಚೆಂದರೆ 3500 ಎಂಎಎಚ್ ಆಸುಪಾಸು. 6800, 9900 ಎಂದು ಬರೆದಿದ್ದರೆ ಓದಿ ನಕ್ಕು ಕೆಳಗಿಡಬೇಕು. ಮೀಟರ್ ಬೇಡ, ತಕ್ಕಡಿ ಸಾಕು: ಅಸಲಿ 18650ರ ತೂಕ 45ರಿಂದ 50 ಗ್ರಾಂ. ಅದಕ್ಕಿಂತ ಎದ್ದು ಕಾಣುವಷ್ಟು ಹಗುರವಿದ್ದರೆ ಒಳಗೆ ಸರಕು ಕಡಿಮೆ. ಇಲ್ಲಿ ಕೆಟ್ಟದ್ದು ಸಾಮರ್ಥ್ಯ ಕಡಿಮೆ ಇರುವುದಷ್ಟೇ ಅಲ್ಲ, ಒಳಗಿನ ತಡೆ ಹೆಚ್ಚಿರುವುದು. ಒಳ್ಳೆಯ ಸೆಲ್‌ನಲ್ಲಿ 50 ಮಿಲಿ ಓಮ್ ಆಸುಪಾಸು ಇರುವ ತಡೆ ಇಂಥದ್ದರಲ್ಲಿ 250 ಮಿಲಿ ಓಮ್ ದಾಟಿದರೂ ಆಶ್ಚರ್ಯವಿಲ್ಲ.

ಈಗ ಲೆಕ್ಕ ಮಾಡೋಣ. ಆಟ ಲೋಡ್ ಆಗುವಾಗ, ಜೊತೆಗೆ ಜೋರು ಸದ್ದು ಇದ್ದಾಗ, ಪೈ, ಸ್ಕ್ರೀನ್, ಆಂಪ್ಲಿಫೈಯರ್ ಮೂರೂ ಸೇರಿ 5 ವೋಲ್ಟ್‌ನಲ್ಲಿ ಗರಿಷ್ಠ 1 ಆಂಪಿಯರ್ ಎಂದು ಇಟ್ಟುಕೊಳ್ಳಿ, ಅಂದರೆ 5 ವಾಟ್. ಏರಿಸುವ ಬೋರ್ಡಿನ ದಕ್ಷತೆ ಶೇ. 85 ಎಂದರೆ ಸೆಲ್ ಕಡೆಯಿಂದ 5.9 ವಾಟ್ ಬರಬೇಕು. ದಾರಿಯಲ್ಲಿ ಇರುವ ತಡೆಗಳು: ಸೆಲ್ 250 ಮಿಲಿ ಓಮ್, ಹೋಗಿ ಬರುವ 40 ಸೆಂ.ಮೀ. ಜಂಪರ್ ವೈರ್ (28 ಗೇಜ್ ಎಂದರೆ ಮೀಟರಿಗೆ 213 ಮಿಲಿ ಓಮ್) 85, ಸ್ಲೈಡ್ ಸ್ವಿಚ್ ಮತ್ತು ಜಂಪರ್ ತುದಿಗಳು 70, ಟಿಪಿ4056 ಬೋರ್ಡಿನ ರಕ್ಷಣಾ ಮಾಸ್‌ಫೆಟ್ (ಅಪಾಯವಾದಾಗ ಸೆಲ್‌ನ ಸಂಪರ್ಕ ಕಡಿಯುವ ಸ್ವಿಚ್ ಚಿಪ್) 50. ಒಟ್ಟು 455 ಮಿಲಿ ಓಮ್.

ವೋಲ್ಟೇಜ್ ಏರಿಸುವ ಬೋರ್ಡ್‌ಗೆ ಒಂದು ಗುಣ ಇದೆ. ಅದಕ್ಕೆ ಬೇಕಾದದ್ದು ಇಂತಿಷ್ಟು ವಾಟ್. ಒಳಬರುವ ವೋಲ್ಟೇಜ್ ಕುಸಿದರೆ ಅದು ಸುಮ್ಮನಾಗುವುದಿಲ್ಲ, ಹೆಚ್ಚು ಆಂಪಿಯರ್ ಎಳೆಯುತ್ತದೆ. ಹೆಚ್ಚು ಎಳೆದರೆ ತಂತಿಯಲ್ಲಿ ಇನ್ನಷ್ಟು ಕುಸಿತ. ಸೆಲ್ 3.6 ವೋಲ್ಟ್ ಇರುವಾಗ ಮೇಲಿನ ತಡೆಗೆ ಲೆಕ್ಕ ಹಾಕಿದರೆ ಬೋರ್ಡಿನ ಬಾಯಿಗೆ ಸಿಗುವುದು ಸುಮಾರು 2.55 ವೋಲ್ಟ್, ಹರಿಯುವುದು 2.3 ಆಂಪಿಯರ್. ಅಂದರೆ ಸೆಲ್‌ನ ಶಕ್ತಿಯ ಮೂರನೇ ಒಂದು ಭಾಗಕ್ಕೆ ಹತ್ತಿರ ತಂತಿ, ಸ್ವಿಚ್ಚು ಮತ್ತು ಸೆಲ್ಲಿನ ಒಳಗೇ ಬಿಸಿಯಾಗಿ ಹೋಗುತ್ತಿದೆ. ಒಂದು ಮೂಲದಿಂದ ಪಡೆಯಬಹುದಾದ ಗರಿಷ್ಠ ಶಕ್ತಿ ಎಂದರೆ ವೋಲ್ಟೇಜಿನ ವರ್ಗವನ್ನು ತಡೆಯ ನಾಲ್ಕು ಪಟ್ಟಿನಿಂದ ಭಾಗಿಸಿದಷ್ಟು. ಆ ಸೂತ್ರದ ಪ್ರಕಾರ ಸೆಲ್ 3.28 ವೋಲ್ಟ್‌ಗೆ ಇಳಿದ ಕೂಡಲೇ 5.9 ವಾಟ್ ಕೊಡುವುದು ಅಸಾಧ್ಯ. ಸೆಲ್‌ನಲ್ಲಿ ಇನ್ನೂ ಚಾರ್ಜ್ ಉಳಿದಿರುತ್ತದೆ, ಆದರೂ ಕನ್ಸೋಲ್ ಬಿದ್ದುಹೋಗುತ್ತದೆ. ಚಾರ್ಜರ್ ಸಿಕ್ಕಿಸಿದಾಗ ಟಿಪಿ4056 ತನ್ನ 1 ಆಂಪಿಯರ್ ಸೇರಿಸಿ ಸೆಲ್ ಬದಿಯ ವೋಲ್ಟೇಜ್ ಎತ್ತಿಹಿಡಿಯುತ್ತದೆ. ಅದಕ್ಕೇ ಮೇಜಿನ ಮೇಲೆ ಎಲ್ಲವೂ ಸರಿ ಕಂಡದ್ದು.

ಮೀಟರ್ ಇದನ್ನು ತೋರಿಸಲಿಲ್ಲ. ಸಾಧಾರಣ ಡಿಜಿಟಲ್ ಮೀಟರ್ ಸರಾಸರಿ ತೋರಿಸುತ್ತದೆ, ಕ್ಷಣಕಾಲದ ಕುಸಿತ ಅದರ ಕಣ್ಣಿಗೆ ಬೀಳುವುದಿಲ್ಲ. ಪೈನ ದೊಡ್ಡ ಮಾದರಿಗಳು ವೋಲ್ಟೇಜ್ 4.63ರ ಆಸುಪಾಸಿಗೆ ಇಳಿದರೆ ತಾವೇ ಗುರುತು ಹಾಕುತ್ತವೆ, ಝೀರೊ ಸಾಲಿನ ಬೋರ್ಡ್‌ಗಳಲ್ಲಿ ಆ ಸೌಲಭ್ಯ ಇಲ್ಲ. ಹಾಗಾಗಿ ಇಲ್ಲಿ ದಾರಿ ತೋರಿಸಿದ್ದು ಮೇಲಿನ ಲೆಕ್ಕವೇ.

ಬದಲಾದದ್ದು ನಾಲ್ಕು. ಸೆಲ್: ನಿಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡ್ ಮಾಡಿದ, ಹೆಸರಾಂತ ತಯಾರಕರ 3000 ಎಂಎಎಚ್ 18650. ಸೆಲ್‌ನ ಮೈಗೆ ನೇರವಾಗಿ ಬೆಸುಗೆ ಹಾಕಬಾರದು. ಕಾವು ಒಳಗಿನ ಪದರಕ್ಕೆ ತಾಗುತ್ತದೆ. ಪಟ್ಟಿ ಇರುವುದನ್ನೇ ತರಿಸಿ ಪಟ್ಟಿಯ ತುದಿಗೆ ಬೆಸುಗೆ ಹಾಕಬೇಕು. ವೈರ್: ನಮ್ಮ ಅಂಗಡಿಗಳಲ್ಲಿ ಹುಕ್-ಅಪ್ ವೈರ್ ಎಳೆಗಳ ಲೆಕ್ಕದಲ್ಲಿ ಸಿಗುತ್ತದೆ. 7/38 ಎಂದರೆ 38 ಗೇಜಿನ ಏಳು ಎಳೆ, ಸಿಗ್ನಲ್‌ಗೆ ಸಾಕು. ಪವರ್‌ಗೆ 14/36 ತೆಗೆದುಕೊಳ್ಳಿ, ಮೀಟರಿಗೆ 42 ಮಿಲಿ ಓಮ್ ಮಾತ್ರ. ಪವರ್ ದಾರಿಯಲ್ಲಿ ಜಂಪರ್ ತುದಿ ಒಂದೂ ಇರಕೂಡದು, ಎಲ್ಲ ಬೆಸುಗೆ. ಸ್ವಿಚ್: ಎಸ್‌ಎಸ್12ಡಿ00 ಅರ್ಧ ಆಂಪಿಯರಿನ ಸ್ವಿಚ್. ಅದರ ಮೂಲಕ ಎರಡು ಆಂಪಿಯರ್ ಹರಿಸುವುದೇ ತಪ್ಪು. ಆದರೆ ಅದನ್ನು ಎಸೆಯಬೇಕಾಗಿಲ್ಲ, ಜಾಗ ಬದಲಿಸಿದರೆ ಸಾಕು.

ಆ ಜಾಗ ಸಿಕ್ಕಿದ್ದು ನಾಲ್ಕನೇ ಬದಲಾವಣೆಯಿಂದ. ಟಿಪಿ4056 ಮತ್ತು ಎಂಟಿ3608 ಎರಡನ್ನೂ ತೆಗೆದು, ಎರಡರ ಕೆಲಸವನ್ನೂ ಒಂದೇ ಬೋರ್ಡಿನಲ್ಲಿ ಮಾಡುವ ಪವರ್‌ಬೂಸ್ಟ್ 1000ಸಿ ಹಾಕಲಾಯಿತು. ದುಬಾರಿ, ನಿಜ. ಇಡೀ ಪಟ್ಟಿಯಲ್ಲಿ ದುಡ್ಡು ಸುರಿಯಬೇಕಾದ ಜಾಗವೂ ಇದೇ. ಕಾರಣ ಮೂರು. ಟಿಪಿ4056 ಚಾರ್ಜ್ ಕರೆಂಟ್ 1 ಆಂಪಿಯರಿನ ಹತ್ತನೇ ಒಂದಕ್ಕೆ, ಅಂದರೆ 100 ಮಿಲಿ ಆಂಪಿಯರಿಗೆ ಇಳಿದಾಗ ಸೆಲ್ ತುಂಬಿತು ಎಂದು ತೀರ್ಮಾನಿಸುತ್ತದೆ. ಅದರ ಬಾಲಕ್ಕೇ ಕನ್ಸೋಲ್ ಕಟ್ಟಿದ್ದರೆ ಕರೆಂಟ್ ಎಂದೂ 100ಕ್ಕೆ ಇಳಿಯುವುದಿಲ್ಲ. ಕೆಂಪು ದೀಪ ಆರುವುದಿಲ್ಲ, ಸೆಲ್ 4.2 ವೋಲ್ಟ್‌ನಲ್ಲೇ ನೇತಾಡುತ್ತ ಸವೆಯುತ್ತದೆ. 1000ಸಿಯಲ್ಲಿರುವ ಎಂಸಿಪಿ73871 ಚಿಪ್ ಚಾರ್ಜರಿನಿಂದ ಬಂದದ್ದನ್ನು ಮೊದಲು ಕನ್ಸೋಲ್‌ಗೆ ಕೊಟ್ಟು ಉಳಿದದ್ದನ್ನು ಸೆಲ್‌ಗೆ ಕಳಿಸುತ್ತದೆ. ಎರಡನೆಯದು, ಎಂಟಿ3608ರಲ್ಲಿ ವೋಲ್ಟೇಜ್ ತಿರುಗಿಸುವ ಪುಟ್ಟ ಪೊಟೆನ್ಶಿಯೊಮೀಟರ್ ಇದೆ. ಅದರ ಸಂಪರ್ಕ ಸಡಿಲವಾದರೆ 5 ವೋಲ್ಟ್ ಇದ್ದದ್ದು ಎಲ್ಲಿಗೋ ಏರಿ ಪೈ ಸುಡಬಹುದು. ಗಾಳಿಯಲ್ಲೇ ತೇವ ಇರುವ ಊರಿನಲ್ಲಿ ಅಂಥ ಭಾಗವನ್ನು ನಂಬಿ ಕೂರುವುದು ಬೇಡ. 1000ಸಿ 5.2 ವೋಲ್ಟ್‌ಗೇ ಕಟ್ಟಿಟ್ಟದ್ದು. ಮೂರನೆಯದು ಇಎನ್ ಪಿನ್: ಅದನ್ನು ಗ್ರೌಂಡ್‌ಗೆ ತಾಗಿಸಿದರೆ ಔಟ್‌ಪುಟ್ ಪೂರ್ತಿ ಕಡಿಯುತ್ತದೆ. ಸ್ಲೈಡ್ ಸ್ವಿಚ್ ಈಗ ಇಎನ್ ಮತ್ತು ಗ್ರೌಂಡ್ ನಡುವೆ ಕೂತಿದೆ, ಅದರಲ್ಲಿ ಹರಿಯುವುದು ಲೆಕ್ಕಕ್ಕಿಲ್ಲದಷ್ಟು ಕರೆಂಟ್.

ಪವರ್ ಬ್ಯಾಂಕ್‌ಗಳಲ್ಲಿರುವ ಐಪಿ5306 ಬೋರ್ಡ್ ಅಗ್ಗದ ಪರ್ಯಾಯ, 5 ವೋಲ್ಟ್‌ನಲ್ಲಿ 2 ಆಂಪಿಯರ್ ಕೊಡುತ್ತದೆ. ಆದರೆ ಅದರ ಹಲವು ಬೋರ್ಡ್‌ಗಳಲ್ಲಿ ಚಾರ್ಜರ್ ಸಿಕ್ಕಿಸುವಾಗ ಅಥವಾ ತೆಗೆಯುವಾಗ ಔಟ್‌ಪುಟ್ ಒಂದು ಕ್ಷಣ ತಪ್ಪುತ್ತದೆ. ಫೋನಿಗೆ ಅದು ಗೊತ್ತೇ ಆಗುವುದಿಲ್ಲ, ಪೈ ಮಾತ್ರ ಸತ್ತು ಹುಟ್ಟುತ್ತದೆ. ಸಂಜೆಗೆ ನಾಲ್ಕು ಸಲ ಕರೆಂಟ್ ಹೋಗಿ ಬರುವ ಮನೆಯಲ್ಲಿ ಅದು ನಾಲ್ಕು ಸಲ ಆಟ ಹಾಳಾದಂತೆ.

ಹೊಸ ದಾರಿಯ ತಡೆ: ಸೆಲ್ 50, ವೈರ್ 13, ಸೆಲ್‌ನ ರಕ್ಷಣಾ ಬೋರ್ಡ್ 50 ಸೇರಿ ಸುಮಾರು 115 ಮಿಲಿ ಓಮ್. (ರಕ್ಷಣಾ ಬೋರ್ಡ್ ಇಲ್ಲದ ಬರಿ ಸೆಲ್ ಹಾಕುವ ಯೋಚನೆಯೇ ಬೇಡ.) ಸೆಲ್ 3.4 ವೋಲ್ಟ್‌ಗೆ ಇಳಿದಿರುವಾಗಲೂ ಬೋರ್ಡಿಗೆ 3.2 ವೋಲ್ಟ್ ಸಿಗುತ್ತದೆ. ಪೈನ 5 ವೋಲ್ಟ್ ಪಿನ್ನಿನ ಪಕ್ಕದಲ್ಲೇ 470 ಮೈಕ್ರೊಫ್ಯಾರಡ್, 10 ವೋಲ್ಟ್ ಕೆಪಾಸಿಟರ್ ಒಂದು ಸೇರಿತು. 5 ವೋಲ್ಟ್ ಹೋದದ್ದು ಪೈನ ಹೆಡರ್ (ಬೋರ್ಡಿನ ಅಂಚಿನ 40 ಪಿನ್‌ಗಳ ಸಾಲು, ಅದರ ಎಣಿಕೆ ಜಿಪಿಐಒ ಸಂಖ್ಯೆಗಿಂತ ಬೇರೆ) 2 ಮತ್ತು 4 ಎರಡಕ್ಕೂ, ಗ್ರೌಂಡ್ 6 ಮತ್ತು 9ಕ್ಕೆ.

ಸೆಲ್‌ನ ಜೆಎಸ್‌ಟಿ ಕನೆಕ್ಟರ್ (ಎರಡು ತಂತಿಯ ಪುಟ್ಟ ಪ್ಲಗ್) ಬಗ್ಗೆ ಒಂದು ಎಚ್ಚರಿಕೆ. ಕೆಂಪು ಯಾವ ಕಡೆ, ಕಪ್ಪು ಯಾವ ಕಡೆ ಎಂಬುದಕ್ಕೆ ಮಾರುವವರಲ್ಲಿ ಒಮ್ಮತವಿಲ್ಲ. ಸಲೀಸಾಗಿ ಒಳಗೆ ಹೋಯಿತು ಎಂದ ಮಾತ್ರಕ್ಕೆ ಸರಿ ಎಂದಲ್ಲ. ಬೋರ್ಡಿನ ಮೇಲಿನ ಪ್ಲಸ್ ಗುರುತಿಗೆ ಮೀಟರ್ ಹಿಡಿದು ನೋಡಿ, ತಿರುಗುಮುರುಗು ಇದ್ದರೆ ಕನೆಕ್ಟರ್‌ನ ಲೋಹದ ಪಿನ್‌ಗಳನ್ನು ಸೂಜಿಯಿಂದ ಎಬ್ಬಿಸಿ ಅದಲುಬದಲು ಮಾಡಿ. ಉಲ್ಟಾ ಸಿಕ್ಕಿಸಿದರೆ ಆ ದುಬಾರಿ ಬೋರ್ಡ್ ಅಲ್ಲೇ ಮುಗಿಯಿತು.

ಸ್ಕ್ರೀನಿನ ಚುಕ್ಕಿ

ಪೂರ್ತಿ ಚಿತ್ರಕ್ಕೆ 12,28,800 ಬಿಟ್ ಬೇಕು. ಎಸ್‌ಪಿಐ 40 ಮೆಗಾಹರ್ಟ್ಸ್‌ನಲ್ಲಿ ಓಡಿದರೆ ಸೆಕೆಂಡಿಗೆ 32 ಚಿತ್ರ, 50ರಲ್ಲಿ 40, 66ರಲ್ಲಿ 54. ಆಟಕ್ಕೆ ಬೇಕಾದದ್ದು 60. ಎಫ್‌ಬಿಸಿಪಿ-ಐಎಲ್‌ಐ9341 ಎಂಬ ಡ್ರೈವರ್ ಬದಲಾದ ಚುಕ್ಕೆಗಳನ್ನಷ್ಟೇ ಕಳಿಸುವುದರಿಂದ ಹೆಚ್ಚಿನ ಆಟಗಳಲ್ಲಿ ಈ ಕೊರತೆ ಕಾಣುವುದಿಲ್ಲ. ಇಡೀ ಹಿನ್ನೆಲೆ ಒಮ್ಮೆಗೇ ಸರಿಯುವ ಆಟಗಳಲ್ಲಿ ಮಾತ್ರ ಸ್ವಲ್ಪ ಕಾಣುತ್ತದೆ. ಈ ಡ್ರೈವರ್ ಹಳೆಯ ಗ್ರಾಫಿಕ್ಸ್ ವ್ಯವಸ್ಥೆಯನ್ನು ಅವಲಂಬಿಸಿದೆ. ಹಾಗಾಗಿ 2022ರ ಮಾರ್ಚ್‌ನ ರೆಟ್ರೊಪೈ 4.8 (ಹಳೆಯ ಆಟಗಳನ್ನು ಓಡಿಸುವ ಸಾಫ್ಟ್‌ವೇರ್) ಇದಕ್ಕೆ ಹೊಂದುತ್ತದೆ, ಹೊಸ ಆಪರೇಟಿಂಗ್ ಸಿಸ್ಟಮ್ ಮೇಲೆ ಒತ್ತಾಯದಿಂದ ಕೂರಿಸಲು ಹೋದರೆ ಕಪ್ಪು ಸ್ಕ್ರೀನ್ ನೋಡುತ್ತ ಕೂರಬೇಕು.

ಚುಕ್ಕಿಗಳಿಗೆ ಕಾರಣ ಡ್ರೈವರ್ ಅಲ್ಲ, ವೈರ್. 20 ಸೆಂ.ಮೀ. ಸಡಿಲ ಜಂಪರ್‌ಗಳಲ್ಲಿ 66 ಮೆಗಾಹರ್ಟ್ಸ್ ಕ್ಲಾಕ್ ಸ್ವಚ್ಛವಾಗಿ ತಲುಪುವುದಿಲ್ಲ. ವೈರ್‌ಗಳನ್ನು 8 ಸೆಂ.ಮೀ.ಗೆ ಕತ್ತರಿಸಿ ನೇರ ಬೆಸುಗೆ ಹಾಕಿ, ಕ್ಲಾಕ್ ವೈರ್‌ನ ಪಕ್ಕದಲ್ಲೇ ಒಂದು ಗ್ರೌಂಡ್ ವೈರ್ ಹೆಣೆದು, ಪೈ ಕಡೆ ಕ್ಲಾಕ್‌ಗೆ 33 ಓಮ್ ಸರಣಿಯಲ್ಲಿ ಹಾಕಲಾಯಿತು. ವೇಗವನ್ನು ಪೈನ ಒಳಗಿನ 400 ಮೆಗಾಹರ್ಟ್ಸ್ ಕ್ಲಾಕ್‌ನ ಎಂಟನೇ ಒಂದು, ಅಂದರೆ 50ಕ್ಕೆ ಇಳಿಸಲಾಯಿತು. ಚುಕ್ಕಿ ಹೋಯಿತು. ಮಾಡ್ಯೂಲಿನ ಹಿಂದೆ ಜೆ1 ಎಂಬ ಪುಟ್ಟ ಬೆಸುಗೆ ಸೇತುವೆ ಇದೆ: ಅದು ತೆರೆದಿದ್ದರೆ ಒಳಗಿನ ರೆಗ್ಯುಲೇಟರ್ ಮೂಲಕ 5 ವೋಲ್ಟ್ ಕೊಡಬಹುದು, ಮುಚ್ಚಿದ್ದರೆ 3.3 ಮಾತ್ರ. ಇಲ್ಲಿ ಜೆ1 ಮುಚ್ಚಿ ಹೆಡರ್ 17ರ 3.3 ವೋಲ್ಟ್ ಕೊಟ್ಟಿದೆ. ಮುಚ್ಚಿದ ಮೇಲೆ ಮರೆತು 5 ವೋಲ್ಟ್ ಕೊಟ್ಟರೆ ಸ್ಕ್ರೀನ್ ಕೈಬಿಟ್ಟಂತೆ.

ಸದ್ದು ಹೋಯಿತು, ಜೊತೆಗೆ ಬಟನ್ನೂ

ಪೈ ಝೀರೊಗೆ ಹೆಡ್‌ಫೋನ್ ಸಾಕೆಟ್ ಇಲ್ಲ. ಪಿಡಬ್ಲ್ಯೂಎಂ ಧ್ವನಿ ಎಂದರೆ 3.3 ವೋಲ್ಟ್ ಸಾಲನ್ನೇ ವೇಗವಾಗಿ ಆನ್-ಆಫ್ ಮಾಡಿ ಸೋಸುವುದು. ಆ ಸಾಲಿನಲ್ಲಿ ಸ್ಕ್ರೀನ್ ಮತ್ತು ವೈಫೈ ಎಬ್ಬಿಸುವ ಗದ್ದಲವೆಲ್ಲ ಸ್ಪೀಕರಿಗೂ ಬರುತ್ತದೆ. 270 ಓಮ್, 33 ನ್ಯಾನೊಫ್ಯಾರಡ್ ಫಿಲ್ಟರ್ ಹಾಕಿದರೂ ಅದು 18 ಕಿಲೊಹರ್ಟ್ಸ್‌ಗಿಂತ ಮೇಲಿನದನ್ನಷ್ಟೇ ತಡೆಯುತ್ತದೆ, ಗುಂಯ್ ಸದ್ದು ಅದರ ಕೆಳಗಿನದು. ಹಾಗಾಗಿ ಡಿಜಿಟಲ್ ಆಗಿಯೇ ಧ್ವನಿ ತೆಗೆದುಕೊಳ್ಳುವ ಮ್ಯಾಕ್ಸ್98357ಎ ಆಂಪ್ಲಿಫೈಯರ್ ಬಂತು: ಬಿಟ್ ಕ್ಲಾಕ್ ಜಿಪಿಐಒ 18, ಎಡ-ಬಲ ಕ್ಲಾಕ್ 19, ಡೇಟಾ 21. ಗುಂಯ್ ಸದ್ದು ಆ ಕ್ಷಣವೇ ನಿಂತಿತು.

ಅದರ ಜೊತೆಗೆ ಸೆಲೆಕ್ಟ್ ಬಟನ್ ಸತ್ತಿತು. ಬಟನ್ ಬದಲಾಯಿಸಿ, ಬೆಸುಗೆ ಮತ್ತೆ ಹಾಕಿ, ಮೀಟರಿನ ಬೀಪ್ ಕೇಳಿದರೂ ಪ್ರಯೋಜನವಿಲ್ಲ. ಆ ಬಟನ್ ಇದ್ದದ್ದು ಜಿಪಿಐಒ 20ರಲ್ಲಿ. ಐ2ಎಸ್ ಎಂಬ ಈ ಡಿಜಿಟಲ್ ಧ್ವನಿಯನ್ನು ಆನ್ ಮಾಡಿದ ಕೂಡಲೇ ಪೈ 18, 19, 21ರ ಜೊತೆಗೆ ಮೈಕ್‌ಗೆಂದು 20ನ್ನೂ ತನ್ನದಾಗಿಸಿಕೊಳ್ಳುತ್ತದೆ. ಮೈಕ್ ಇಲ್ಲದಿದ್ದರೂ ಅಷ್ಟೇ. ತಂತಿ ಎಳೆಯದ ಪಿನ್ ಖಾಲಿ ಎಂದು ನಂಬುವುದರಿಂದ ಇಂಥ ತೊಂದರೆ ಬರುತ್ತದೆ. ಎಸ್‌ಪಿಐ ಆನ್ ಮಾಡಿದರೂ ಹೀಗೇ, ಸ್ಕ್ರೀನ್ ಬಳಸದ ಜಿಪಿಐಒ 9 ಕೂಡ ಕೈಬಿಡುತ್ತದೆ.

ಇನ್ನು ಮುಟ್ಟಬಾರದ ಜಿಪಿಐಒ ಪಿನ್‌ಗಳು ಕೆಲವು. 0 ಮತ್ತು 1ನ್ನು ಬೂಟ್ ಆಗುವಾಗ ಪೈ ತಾನೇ ತಡಕುತ್ತದೆ. 14ರಲ್ಲಿ ಸೀರಿಯಲ್ ಕನ್ಸೋಲ್ (ಪೈ ತನ್ನ ಸಂದೇಶಗಳನ್ನು ತಂತಿಯ ಮೂಲಕ ಕಳಿಸುವ ವ್ಯವಸ್ಥೆ) ಆನ್ ಇದ್ದರೆ ಅಕ್ಷರಗಳು ಹೊರಹೋಗುತ್ತವೆ, ಅಲ್ಲಿ ಬಟನ್ ಒತ್ತಿದರೆ ಔಟ್‌ಪುಟ್ಟನ್ನು ನೇರ ಗ್ರೌಂಡ್‌ಗೆ ಹಿಡಿದಂತೆ. 3ನೇ ಪಿನ್ನಿನ ಗುಣ ಮಾತ್ರ ಬಹಳ ಉಪಯೋಗದ್ದು: ನಿಲ್ಲಿಸಿದ ಪೈಯನ್ನು ಅದರ ಮೂಲಕ ಎಬ್ಬಿಸಬಹುದು, ಜಿಪಿಐಒ-ಶಟ್‌ಡೌನ್ ಓವರ್‌ಲೇ (ಪೈನ ಸೆಟ್ಟಿಂಗ್ ಫೈಲಿಗೆ ಸೇರಿಸುವ ಸಾಲು) ಹಾಕಿದರೆ ಅದೇ ಬಟನ್‌ನಿಂದ ಕ್ರಮಬದ್ಧವಾಗಿ ನಿಲ್ಲಿಸಲೂಬಹುದು. ಹಾಗೆ ನಿಲ್ಲಿಸದೆ ಸೀದಾ ಸ್ಲೈಡ್ ಸ್ವಿಚ್ ಎಳೆದರೆ ಮೆಮೊರಿ ಕಾರ್ಡಿನ ಫೈಲ್‌ಗಳು ಒಂದಲ್ಲ ಒಂದು ದಿನ ಕೆಡುತ್ತವೆ.

ಕೊನೆಗೆ ನಿಂತ ಪಿನ್ ಪಟ್ಟಿ ಹೀಗಿದೆ, ಮೊದಲದ್ದು ಜಿಪಿಐಒ ಸಂಖ್ಯೆ, ಆವರಣದಲ್ಲಿ ಹೆಡರ್‌ನ ಸಂಖ್ಯೆ:

ಸ್ಕ್ರೀನ್: ಸಿಎಸ್ 8 (24), ಕ್ಲಾಕ್ 11 (23), ಡೇಟಾ 10 (19), ಡಿಸಿ 25 (22), ರೀಸೆಟ್ 27 (13)
ಧ್ವನಿ: 18 (12), 19 (35), 21 (40)
ಮೇಲೆ 4 (7), ಕೆಳಗೆ 17 (11), ಎಡ 22 (15), ಬಲ 23 (16)
ಎ 5 (29), ಬಿ 6 (31), ಎಕ್ಸ್ 12 (32), ವೈ 13 (33)
ಎಲ್ 24 (18), ಆರ್ 16 (36), ಸ್ಟಾರ್ಟ್ 26 (37), ಸೆಲೆಕ್ಟ್ 2 (3)
ಪವರ್ 3 (5), ಬ್ಯಾಟರಿ ಎಚ್ಚರಿಕೆ 15 (10)

ಪ್ರತಿ ಬಟನ್‌ನ ಒಂದು ಕಾಲು ಪಿನ್‌ಗೆ, ಇನ್ನೊಂದು ಗ್ರೌಂಡ್‌ಗೆ. ನಾಲ್ಕು ಕಾಲಿನ ಟ್ಯಾಕ್ಟ್ ಸ್ವಿಚ್‌ನಲ್ಲಿ ಎರಡೆರಡು ಕಾಲು ಒಳಗೇ ಕೂಡಿರುತ್ತವೆ. ಯಾವ ಎರಡು ಎಂದು ಗೊಂದಲವಾದರೆ ಮೂಲೆಯಿಂದ ಎದುರು ಮೂಲೆಯ ಕಾಲುಗಳನ್ನು ಬಳಸಿ, ತಪ್ಪುವುದೇ ಇಲ್ಲ. 2ನೇ ಪಿನ್ ಐ2ಸಿ (ಸೆನ್ಸರ್‌ನಂಥವನ್ನು ಜೋಡಿಸುವ ಸಂಪರ್ಕ) ಪಿನ್, ಇಲ್ಲಿ ಐ2ಸಿ ಬಳಸಿಲ್ಲವಾದ್ದರಿಂದ ಅದು ಬಟನ್‌ಗೆ ಸಿಕ್ಕಿತು. 15ರ ಪಿನ್‌ಗೆ ಸೀರಿಯಲ್ ಕನ್ಸೋಲ್ ಆಫ್ ಮಾಡಿರಬೇಕು. ಅಲ್ಲಿಗೆ ಬರುವ ಪವರ್‌ಬೂಸ್ಟ್‌ನ ಎಲ್‌ಬಿಒ (ಬ್ಯಾಟರಿ ಎಚ್ಚರಿಕೆ) ಪಿನ್ ಸೆಲ್ 3.2 ವೋಲ್ಟ್‌ಗೆ ಇಳಿದಾಗ ಸೊನ್ನೆಗೆ ಬೀಳುತ್ತದೆ, ಉಳಿದ ಸಮಯ ಸೆಲ್‌ನ ವೋಲ್ಟೇಜಿಗೇ ಎಳೆದುಕೊಂಡಿರುತ್ತದೆ. ಅಂದರೆ 4.2 ವೋಲ್ಟ್‌ವರೆಗೂ. ಪೈನ ಪಿನ್ 3.3ನ್ನಷ್ಟೇ ತಾಳುತ್ತದೆ. ಆದ್ದರಿಂದ ನಡುವೆ ಒಂದು ಶಾಟ್ಕಿ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ), ಅದರ ಪಟ್ಟೆ ಇರುವ ಬದಿ ಎಲ್‌ಬಿಒ ಕಡೆಗೆ. ಹತ್ತು ಸೆಕೆಂಡ್ ಸತತವಾಗಿ ಕೆಳಗೇ ಇದ್ದರೆ ಮಾತ್ರ ನಿಲ್ಲಿಸುವಂತೆ ಸ್ಕ್ರಿಪ್ಟ್ ಬರೆಯಬೇಕು, ಇಲ್ಲದಿದ್ದರೆ ಜೋರು ಸದ್ದಿನ ಒಂದು ಕ್ಷಣಕ್ಕೇ ಆಟ ಮುಚ್ಚಿಕೊಳ್ಳುತ್ತದೆ.

ಹೊಸ ಆಂಪ್ಲಿಫೈಯರ್‌ನ ಸ್ಪೀಕರ್ ಕಾಲುಗಳೆರಡೂ ಜೀವಂತ. ಒಂದನ್ನು ಗ್ರೌಂಡ್ ಎಂದುಕೊಂಡು ಸಾಮಾನ್ಯ ಗ್ರೌಂಡ್‌ಗೆ ಸೇರಿಸಿದರೆ ಚಿಪ್ ಬಿಸಿಯಾಗುತ್ತದೆ. 8 ಓಮ್, 1 ವಾಟ್‌ನ ಪುಟ್ಟ ಸ್ಪೀಕರಿಗೆ ಅದರ ಮೂಲ ಗೇನ್ 9 ಡೆಸಿಬೆಲ್ ಸ್ವಲ್ಪ ಹೆಚ್ಚೇ, ಗೇನ್ ಪಿನ್ನನ್ನು ವಿಐಎನ್‌ಗೆ ಕಟ್ಟಿದರೆ 6ಕ್ಕೆ ಇಳಿಯುತ್ತದೆ.

ಮಳೆಗಾಲದ ಬಟನ್

ಜೂನ್ ಕಳೆದ ಮೇಲೆ ಸ್ಟಾರ್ಟ್ ಮತ್ತು ಆರ್ ಬಟನ್‌ಗಳು ತಾವಾಗಿಯೇ ಒತ್ತಿಕೊಳ್ಳತೊಡಗಿದವು, ಅದೂ ಬೆಳಗ್ಗೆ. ಮಧ್ಯಾಹ್ನ ಒಲೆಯ ಹತ್ತಿರ ಇಟ್ಟರೆ ಸರಿ. ಸಾಫ್ಟ್‌ವೇರ್ ದೋಷ ಎಂದು ಯಾರಾದರೂ ಅಂದುಕೊಳ್ಳಬಹುದು. ಸುಳಿವು ಕೊಟ್ಟದ್ದು ಸೆಲೆಕ್ಟ್ ಬಟನ್: ಅದು ಒಮ್ಮೆಯೂ ಹಾಗೆ ಮಾಡಲಿಲ್ಲ.

ವ್ಯತ್ಯಾಸ ಇರುವುದು ಪುಲ್-ಅಪ್‌ನಲ್ಲಿ, ಅಂದರೆ ಬಟನ್ ಒತ್ತದಿರುವಾಗ ಪಿನ್ನನ್ನು 3.3 ವೋಲ್ಟ್‌ಗೆ ಹಿಡಿದಿಡುವ ರೆಸಿಸ್ಟರಿನಲ್ಲಿ. ಪೈನ ಒಳಗಿನ ಪುಲ್-ಅಪ್ ಸುಮಾರು 50 ಕಿಲೊ ಓಮ್. 2 (ಸೆಲೆಕ್ಟ್ ಇರುವುದು ಇಲ್ಲೇ) ಮತ್ತು 3ನೇ ಪಿನ್‌ಗಳಿಗೆ ಬೋರ್ಡಿನ ಮೇಲೆಯೇ 1.8 ಕಿಲೊ ಓಮ್ ಇದೆ. ಬೆಸುಗೆ ಹಾಕಿದ ಮೇಲೆ ಒರೆಸದೆ ಬಿಟ್ಟ ಫ್ಲಕ್ಸ್ ಪೇಸ್ಟ್ ಗಾಳಿಯ ತೇವ ಹೀರಿ ಬಟನ್ ಕಾಲುಗಳ ನಡುವೆ ಸಣ್ಣದಾಗಿ ಕರೆಂಟ್ ಸೋರಿಸುತ್ತದೆ. 50 ಕಿಲೊ ಓಮ್ ಇರುವಲ್ಲಿ ಆ ಸೋರಿಕೆಯ ತಡೆ 15-20 ಕಿಲೊ ಓಮ್‌ಗೆ ಇಳಿದರೆ ಸಾಕು, ಬಟನ್ ಒತ್ತಿದೆ ಎಂದು ಪೈ ತಿಳಿಯುತ್ತದೆ. 1.8 ಕಿಲೊ ಓಮ್ ಪುಲ್-ಅಪ್ಪನ್ನು ಸೋಲಿಸಬೇಕಾದರೆ ಸೋರಿಕೆ ಆರೇಳು ನೂರು ಓಮ್‌ಗೆ ಬರಬೇಕು, ತೇವದಿಂದ ಅಷ್ಟಾಗುವುದಿಲ್ಲ.

ಪರಿಹಾರ ಎರಡು ಹಂತದ್ದು. ಬಟನ್ ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಎರಡು ಸಲ ತೊಳೆದು ಪೂರ್ತಿ ಒಣಗಿಸುವುದು (ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಐಪಿಎ ಎಂದು ಕೇಳಿದರೆ ಸಿಗುತ್ತದೆ). ಆಮೇಲೆ ಉಳಿದ 11 ಬಟನ್‌ಗಳಿಗೂ 3.3 ವೋಲ್ಟ್‌ಗೆ 10 ಕಿಲೊ ಓಮ್ ರೆಸಿಸ್ಟರ್ ಸೇರಿಸುವುದು. ಬೋರ್ಡಿನ ಹಿಂಬದಿಗೆ ಕನ್ಫಾರ್ಮಲ್ ಕೋಟಿಂಗ್ (ತೇವ ತಡೆಯುವ ಲೇಪ) ಹೊಡೆಯುವುದಾದರೆ ತೊಳೆದು ಒಣಗಿಸಿದ ಮೇಲೆಯೇ, ಸ್ವಿಚ್‌ಗಳ ಮುಖಕ್ಕೆ ಟೇಪ್ ಅಂಟಿಸಿ. ತೊಳೆಯದೆ ಹೊಡೆದರೆ ತೇವವನ್ನು ಒಳಗೇ ಕೂಡಿಹಾಕಿದಂತೆ. ಮಳೆನಾಡಿನಲ್ಲಿ ಕಟ್ಟುವವರು 10 ಕಿಲೊ ಓಮ್ ರೆಸಿಸ್ಟರ್‌ಗಳನ್ನು ಮೊದಲ ಆರ್ಡರಿನಲ್ಲೇ ಸೇರಿಸಿಕೊಳ್ಳಬೇಕು, ಇಪ್ಪತ್ತಕ್ಕೆ ಕೆಲವೇ ರೂಪಾಯಿ.

ಕಟ್ಟುವ ಕ್ರಮ

ಎರಡನೇ ಸಲ ಎಲ್ಲವನ್ನೂ ಒಟ್ಟಿಗೆ ಜೋಡಿಸಲಿಲ್ಲ. ಮೊದಲು ಸೆಲ್ ಮತ್ತು ಪವರ್‌ಬೂಸ್ಟ್ ಮಾತ್ರ. ಪೈ ಇರಬೇಕಾದ ಜಾಗದಲ್ಲಿ 4.7 ಓಮ್, 10 ವಾಟ್ ಸಿಮೆಂಟ್ ರೆಸಿಸ್ಟರ್. 5.2 ವೋಲ್ಟ್‌ನಲ್ಲಿ ಅದು 1.1 ಆಂಪಿಯರ್ ಎಳೆಯುತ್ತದೆ, ಕನ್ಸೋಲ್‌ನ ಅತಿ ಕೆಟ್ಟ ಗಳಿಗೆಗೆ ಸಮ. ಅದನ್ನು ಹೆಂಚಿನ ಚೂರಿನ ಮೇಲೆ ಇಟ್ಟು (ಕೈ ಸುಡುವಷ್ಟು ಕಾಯುತ್ತದೆ) ಹತ್ತು ನಿಮಿಷ ಬಿಟ್ಟು, ವೈರ್‌ನ ಆಚೆ ತುದಿಯಲ್ಲಿ ವೋಲ್ಟೇಜ್ ಅಳೆಯಬೇಕು. 4.9ಕ್ಕಿಂತ ಕೆಳಗಿದ್ದರೆ ಪೈ ಜೋಡಿಸುವ ಮಾತೇ ಇಲ್ಲ, ಯಾವ ಬೆಸುಗೆ ಬಿಸಿಯಾಗಿದೆ ಎಂದು ಹುಡುಕಬೇಕು. ಆ ಮೇಲೆ ಪೈ ಮತ್ತು ಕಾರ್ಡ್, ನಂತರ ಸ್ಕ್ರೀನ್, ನಂತರ ಧ್ವನಿ, ಬಟನ್‌ಗಳು ಕೊನೆಗೆ. ಧ್ವನಿಯನ್ನು ಬಟನ್‌ಗಿಂತ ಮೊದಲು ಮಾಡಿದ್ದರೆ 20ನೇ ಪಿನ್ನಿನ ಕಗ್ಗಂಟು ಬರುತ್ತಲೇ ಇರಲಿಲ್ಲ.

ಪೆಟ್ಟಿಗೆಗೆ 3ಡಿ ಪ್ರಿಂಟ್ ಬದಲು ವಿದ್ಯುತ್ ಸಾಮಾನಿನ ಅಂಗಡಿಯ ಪಿವಿಸಿ ಜಂಕ್ಷನ್ ಬಾಕ್ಸ್ ಬಳಸಲಾಯಿತು. ಸ್ಕ್ರೀನ್ ಮಾಡ್ಯೂಲ್ 86×50 ಮಿ.ಮೀ., ಕಾಣುವ ಭಾಗ 57.6×43.2 ಮಿ.ಮೀ. ಕಿಟಕಿಯನ್ನು ಕಾಣುವ ಭಾಗಕ್ಕಷ್ಟೇ ಕತ್ತರಿಸಬೇಕು, ಮಾಡ್ಯೂಲ್ ಗಾತ್ರಕ್ಕಲ್ಲ. 18 ಮಿ.ಮೀ. ದಪ್ಪದ ಸೆಲ್ ಸ್ಕ್ರೀನಿನ ಹಿಂದೆ ಬಂದರೆ ಪೆಟ್ಟಿಗೆ ಇಟ್ಟಿಗೆಯಾಗುತ್ತದೆ, ಪೈನ ಕಾವೂ ಅದಕ್ಕೆ ತಾಗುತ್ತದೆ. ಬಲಗೈ ಹಿಡಿಯುವ ಬದಿಗೆ ಸೆಲ್, ಎಡಕ್ಕೆ ಪೈ, ನಡುವೆ ಪವರ್‌ಬೂಸ್ಟ್. ಪ್ರಿಂಟ್ ಮಾಡಿಸುವವರು ಮಳೆಗಾಲದಲ್ಲಿ ಪಿಎಲ್‌ಎ ಪ್ಲಾಸ್ಟಿಕ್ ದಾರವನ್ನು 45-50 ಡಿಗ್ರಿಯಲ್ಲಿ ನಾಲ್ಕಾರು ಗಂಟೆ ಒಣಗಿಸಿಕೊಳ್ಳದಿದ್ದರೆ ಗೋಡೆಗಳಲ್ಲಿ ಜೇಡರ ಬಲೆಯಂಥ ಎಳೆ ಬರುತ್ತದೆ.

3000 ಎಂಎಎಚ್ ಸೆಲ್ ಎಂದರೆ 10.8 ವಾಟ್-ಗಂಟೆ. ಸರಾಸರಿ ಬಳಕೆ 5.2 ವೋಲ್ಟ್‌ನಲ್ಲಿ 0.6 ಆಂಪಿಯರ್, ಏರಿಸುವ ನಷ್ಟ ಸೇರಿ 3.5 ವಾಟ್. 3.2 ವೋಲ್ಟ್‌ನಲ್ಲಿ ನಿಲ್ಲಿಸುವುದರಿಂದ ಹತ್ತನೇ ಒಂದು ಭಾಗ ಉಳಿಯುತ್ತದೆ ಎಂದಿಟ್ಟುಕೊಂಡರೆ ಎರಡೂ ಮುಕ್ಕಾಲು ಗಂಟೆಯ ಆಟ. ವೈಫೈ ಆಫ್ ಮಾಡಿ ಆಡಿದರೆ ಸ್ವಲ್ಪ ಹೆಚ್ಚು. ಸುಮ್ಮನೆ ಚಾರ್ಜ್‌ಗಿಟ್ಟರೆ ನಾಲ್ಕು ಗಂಟೆ ಬೇಕು. ಆಡುತ್ತ ಚಾರ್ಜ್ ಮಾಡಲು ಅಡಾಪ್ಟರ್ 5 ವೋಲ್ಟ್, 2 ಆಂಪಿಯರಿನದಾಗಿರಬೇಕು. ಹಳೆಯ ಕೀಪ್ಯಾಡ್ ಫೋನಿನ ಅರ್ಧ ಆಂಪಿಯರ್ ಚಾರ್ಜರ್ ಹಾಕಿದರೆ ಆಟ ಓಡುತ್ತದೆ, ಆದರೆ ಸೆಲ್ ತುಂಬುವ ಬದಲು ಖಾಲಿಯಾಗುತ್ತ ಹೋಗುತ್ತದೆ.

ಇನ್ನೂ ಉಳಿದಿರುವ ದುರ್ಬಲ ಜಾಗ ಚಾರ್ಜಿಂಗ್‌ನ ಮೈಕ್ರೊ ಯುಎಸ್‌ಬಿ ಸಾಕೆಟ್. ಹುಡುಗರು ಕೇಬಲ್ ಸಮೇತ ಎಳೆದಾಡಿದರೆ ಬೋರ್ಡಿನ ತಾಮ್ರದ ಪದರವೇ ಕಿತ್ತು ಬರುತ್ತದೆ. ಸಾಕೆಟ್‌ನ ಎರಡೂ ಬದಿಗೆ ಎಪಾಕ್ಸಿ ಹಾಕಿ, ಪೆಟ್ಟಿಗೆಯ ರಂಧ್ರವನ್ನು ಕೇಬಲ್‌ನ ಪ್ಲಾಸ್ಟಿಕ್ ತಲೆಗೆ ಬಿಗಿಯಾಗಿ ಕತ್ತರಿಸಿದರೆ ಎಳೆತ ಬೋರ್ಡಿನ ಬದಲು ಪೆಟ್ಟಿಗೆಯ ಮೇಲೆ ಬೀಳುತ್ತದೆ. ಎಪಾಕ್ಸಿ ಸಾಕೆಟ್‌ನ ಬಾಯೊಳಗೆ ಹರಿಯದಂತೆ ಒಂದು ಹಳೆಯ ಕೇಬಲ್ ಸಿಕ್ಕಿಸಿಯೇ ಹಚ್ಚಬೇಕು, ಗಟ್ಟಿಯಾಗುವ ಮೊದಲು ಅದನ್ನು ತೆಗೆಯಬೇಕು.